ವಿಯಾ ಫೆರಾಟಾ ಸೆಟ್: ಹಲವು ಸೀಸನ್ ಬಳಸಿದ ಮೇಲೆ

ವಿಯಾ ಫೆರಾಟಾ ಅಂದರೆ ಬಂಡೆಯುದ್ದಕ್ಕೂ ಉಕ್ಕಿನ ಕೇಬಲ್ ಬಿಗಿದು, ಕಬ್ಬಿಣದ ಮೆಟ್ಟಿಲು, ಏಣಿ ಕೂರಿಸಿರುವ ಬೆಟ್ಟದ ದಾರಿ. ಹತ್ತುವವರು ಆ ಕೇಬಲ್‌ಗೇ ತಮ್ಮನ್ನು ಕಟ್ಟಿಕೊಂಡು ಸಾಗಬೇಕು. ಅದಕ್ಕೆ ಬೇಕಾದ ಸೆಟ್ ಬಗ್ಗೆ ಈ ವಿಮರ್ಶೆ. ನನ್ನದು ಈಗ ಎಲ್ಲ ಕಡೆ ಕಾಣುವ ಮಾದರಿ. ಎರಡು ಎಲಾಸ್ಟಿಕ್ ತೋಳು, ಎರಡರ ತುದಿಗೂ ಒಂದೊಂದು ಕ್ಯಾರಬೀನರ್ (ತೆರೆದು ಮುಚ್ಚುವ ಬಾಗಿಲಿರುವ ಲೋಹದ ಕೊಂಡಿ), ಬುಡದಲ್ಲಿ ಪುಟ್ಟ ಚೀಲದೊಳಗೆ ಮಡಚಿ ಹೊಲಿದ ಪಟ್ಟಿ. ಹಲವು ಸೀಸನ್ ಬಳಸಿದ್ದೇನೆ. ಮಳೆ, ಬಿಸಿಲು, ಮರಳು ಎಲ್ಲ ಕಂಡಿದೆ.

ಸೆಟ್ ಮಾರುವವರು ತೂಕದ ಬಗ್ಗೆ ಜಾಸ್ತಿ ಮಾತಾಡುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಕ್ಯಾರಬೀನರ್. ಕೇಬಲ್ ಬಂಡೆಗೆ ಸೇರುವ ಪ್ರತಿ ಆ್ಯಂಕರ್ ಹತ್ತಿರ ಎರಡನ್ನೂ ತೆಗೆದು ಮುಂದಕ್ಕೆ ಹಾಕಬೇಕು. ಮೊದಲು ಒಂದು, ಅದು ಕೂತ ಮೇಲೆ ಇನ್ನೊಂದು. ಎರಡನ್ನೂ ಒಟ್ಟಿಗೆ ಬಿಚ್ಚಿದರೆ ಆ ಕ್ಷಣ ನೀವು ಯಾವುದಕ್ಕೂ ಕಟ್ಟಿಕೊಂಡಿರುವುದಿಲ್ಲ. ಉದ್ದದ ದಾರಿಯಲ್ಲಿ ಈ ಕೆಲಸ ನೂರಾರು ಸಲ ಬರುತ್ತದೆ. ಕೊನೆಯ ಗಂಟೆಯಲ್ಲಿ ಬೆರಳು ಸೋತಿರುತ್ತದೆ, ಗಮನವೂ ಸಡಿಲವಾಗಿರುತ್ತದೆ. ಕ್ಯಾರಬೀನರ್ ಆಗ ಸುಲಭವಾಗಿ ತೆರೆಯದಿದ್ದರೆ ಕೈ ತಾನಾಗಿಯೇ ಅಡ್ಡದಾರಿ ಹುಡುಕುತ್ತದೆ. ಅಪಾಯ ಇರುವುದೇ ಅಲ್ಲಿ.

ನನ್ನದರಲ್ಲಿ ಬೆನ್ನಿನ ಭಾಗವನ್ನು ಅಂಗೈಯಿಂದ ಒತ್ತಿ ಬಾಗಿಲು ತೆರೆಯಬೇಕು. ಬಿಟ್ಟರೆ ತಾನೇ ಲಾಕ್ ಆಗುತ್ತದೆ. ಗ್ಲೌಸ್ ಹಾಕಿಕೊಂಡು, ಎಡಗೈಯಲ್ಲೂ ಆರಾಮವಾಗಿ ಆಗುತ್ತದೆ. ಬಾಯಿ ದೊಡ್ಡದು, ದಪ್ಪ ಕೇಬಲ್ ಮೇಲೂ ಸಲೀಸಾಗಿ ಕೂರುತ್ತದೆ. ಮೈಮೇಲೆ ‘ಕೆ’ ಗುರುತಿದೆ, ಅಂದರೆ ಈ ಕೆಲಸಕ್ಕೆಂದೇ ಮಾಡಿದ್ದು. ಸ್ಪ್ರಿಂಗ್ ಇವತ್ತಿಗೂ ಗಟ್ಟಿ. ಮರಳು ಸೇರಿ ಬಿಗಿಯಾದಾಗ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒಣಗಿಸಿ, ಬಾಗಿಲು ತಿರುಗುವ ಕೀಲಿಗೆ ಮಾತ್ರ ಒಂದು ಹನಿ ಎಣ್ಣೆ ಬಿಡುತ್ತೇನೆ. ಬಟ್ಟೆ ಪಟ್ಟಿಗೆ ಎಣ್ಣೆ ತಾಗಬಾರದು. ಉಕ್ಕಿನ ಕೇಬಲ್‌ಗೆ ಉಜ್ಜಿ ಉಜ್ಜಿ ಅಲ್ಯೂಮಿನಿಯಂ ಮೇಲೆ ಸಣ್ಣ ಗೀರು ಬಿದ್ದಿವೆ. ಚೂಪಾದ ಅಂಚು ಎದ್ದಿದೆಯಾ ಅಂತ ಪ್ರತಿ ಸಲ ಬೆರಳಾಡಿಸಿ ನೋಡುತ್ತೇನೆ.

ಇನ್ನು ಆ ಪುಟ್ಟ ಚೀಲ. ಅದೇ ಎನರ್ಜಿ ಅಬ್ಸಾರ್ಬರ್. ಸಾಮಾನ್ಯ ಸ್ಲಿಂಗ್ (ಬಟ್ಟೆ ಪಟ್ಟಿಯ ಕುಣಿಕೆ) ಸಾಕಲ್ವಾ ಅಂತ ಹೊಸಬರು ಕೇಳುತ್ತಾರೆ. ಖಂಡಿತ ಸಾಲದು. ಹಗ್ಗ ಕಟ್ಟಿಕೊಂಡು ಹತ್ತುವಾಗ ಫಾಲ್ ಫ್ಯಾಕ್ಟರ್ (ಬಿದ್ದ ದೂರವನ್ನು ತಡೆಯುವ ಹಗ್ಗದ ಉದ್ದದಿಂದ ಭಾಗಿಸಿದರೆ ಸಿಗುವ ಸಂಖ್ಯೆ) ಸಾಮಾನ್ಯವಾಗಿ 2 ದಾಟುವುದಿಲ್ಲ. ಇಲ್ಲಿ ಹಾಗಲ್ಲ. ಜಾರಿದರೆ ಕ್ಯಾರಬೀನರ್ ಕೇಬಲ್ ಮೇಲೆ ಜಾರುತ್ತಾ ಕೆಳಗಿನ ಆ್ಯಂಕರ್‌ವರೆಗೆ ಹೋಗುತ್ತದೆ. ಬೀಳುವುದು ಹಲವು ಮೀಟರ್, ತಡೆಯುವ ತೋಳು ಸುಮಾರು ಒಂದೇ ಮೀಟರ್. ಫ್ಯಾಕ್ಟರ್ 5 ದಾಟಬಹುದು. ಅಂಥ ಜಗ್ಗುವಿಕೆಗೆ ಸ್ಲಿಂಗ್ ಹರಿಯಬಹುದು, ಹರಿಯದಿದ್ದರೆ ಬೆನ್ನುಮೂಳೆಗೆ ಪೆಟ್ಟು. ಅಬ್ಸಾರ್ಬರ್‌ನ ಹೊಲಿಗೆ ಒಂದೊಂದಾಗಿ ಬಿಚ್ಚುತ್ತಾ ಆ ಬಲವನ್ನು ನುಂಗುತ್ತದೆ.

ಇದಕ್ಕೆ ಇಎನ್ 958 ಎಂಬ ಯುರೋಪಿನ ಮಾನದಂಡವಿದೆ. 2017ರಲ್ಲಿ ಅದು ಬಿಗಿಯಾಯಿತು. ಈಗ ಪರೀಕ್ಷೆ 40 ಕೆಜಿ ಮತ್ತು 120 ಕೆಜಿ ತೂಕ ಎರಡರಲ್ಲೂ ನಡೆಯುತ್ತದೆ. ಹಗುರ ತೂಕಕ್ಕೆ 3.5 ಕಿಲೋನ್ಯೂಟನ್ (ಬಲದ ಅಳತೆ), ಭಾರಕ್ಕೆ 6 ಕಿಲೋನ್ಯೂಟನ್‌ಗಿಂತ ಹೆಚ್ಚು ಪೆಟ್ಟು ಬೀಳಬಾರದು. ಪಟ್ಟಿ 220 ಸೆಂಟಿಮೀಟರ್‌ವರೆಗೂ ಬಿಚ್ಚಿಕೊಳ್ಳಬಹುದು. ಈ ಕೊನೆಯ ಸಂಖ್ಯೆಯ ಬಗ್ಗೆ ಸ್ವಲ್ಪ ಯೋಚಿಸಿ. ಜಾರಿದ ದೂರದ ಮೇಲೆ ಇನ್ನೂ ಎರಡು ಮೀಟರ್ ಕೆಳಗೆ ಹೋಗುತ್ತೀರಿ. ದಾರಿಯಲ್ಲಿ ಕಬ್ಬಿಣದ ಮೆಟ್ಟಿಲಿದೆ, ಚಾಚಿದ ಬಂಡೆಯಿದೆ. ಸೆಟ್ ಜೀವ ಉಳಿಸುತ್ತದೆ, ಕೈಕಾಲು ಉಳಿಸುತ್ತದೆ ಅಂತ ಹೇಳಲಾಗದು. ಹಾಗಾಗಿ ಸುಸ್ತಾಗುವ ಮುಂಚೆಯೇ ನಿಲ್ಲುತ್ತೇನೆ. ಅದಕ್ಕೆ ಸೆಟ್‌ನಲ್ಲೇ ಗಿಡ್ಡ ಲೂಪ್ ಇದೆ. ಅದನ್ನು ಮೆಟ್ಟಿಲಿಗೆ ಸಿಕ್ಕಿಸಿ ಕೈಗೆ ವಿಶ್ರಾಂತಿ ಕೊಡಬಹುದು. ಎರಡು ತೋಳೂ ಆಗ ಕೇಬಲ್ ಮೇಲೇ ಇರಬೇಕು. ಲೂಪ್‌ಗೆ ಬೇಕಾದ ಲಾಕಿಂಗ್ ಕ್ಯಾರಬೀನರ್ ನನ್ನ ಸೆಟ್ ಜೊತೆ ಬಂದಿರಲಿಲ್ಲ, ಬೇರೆ ಕೊಳ್ಳಬೇಕಾಯಿತು. ಇದು ನನಗೆ ಸರಿಕಾಣಲಿಲ್ಲ.

ಎಲಾಸ್ಟಿಕ್ ತೋಳು ಅನುಕೂಲ, ಮಂಡಿಗೆ ಸುತ್ತಿಕೊಳ್ಳುವುದಿಲ್ಲ. ಆದರೆ ಸದಾ ಹಿಗ್ಗಿ ಕುಗ್ಗುವ ಪಟ್ಟಿ ಸವೆಯುತ್ತದೆ. 2012ರಲ್ಲಿ ಆಸ್ಟ್ರಿಯಾದ ಟಿರೋಲ್‌ನಲ್ಲಿ ಒಬ್ಬರು ಬಿದ್ದಾಗ ಎರಡು ತೋಳೂ ಹರಿದು ಸಾವು ಸಂಭವಿಸಿತ್ತು. ಆಮೇಲೆ ಹಲವು ತಯಾರಕರು ಸೆಟ್‌ಗಳನ್ನು ವಾಪಸ್ ಪಡೆದರು. ಈಗ ತೋಳುಗಳನ್ನು ಸಾವಿರಾರು ಸಲ ಎಳೆದು ದಣಿಸಿ, ಆಮೇಲೆ ಬಲ ಪರೀಕ್ಷಿಸುತ್ತಾರೆ. ನನ್ನದರಲ್ಲಿ ಬಲಗಡೆಯ ತೋಳು ಸ್ವಲ್ಪ ಸಡಿಲವಾಗಿದೆ. ಹೊಲಿಗೆ ಸರಿಯಿದೆ, ನೂಲು ಎದ್ದಿಲ್ಲ. ಹಾಗಿದ್ದರೂ ಕಣ್ಣಿಟ್ಟಿದ್ದೇನೆ. ಬುಡದಲ್ಲಿ ಸ್ವಿವೆಲ್ (ಸುತ್ತ ತಿರುಗುವ ಕೊಂಡಿ) ಇರುವುದರಿಂದ ತೋಳುಗಳು ಹೆಣೆದುಕೊಳ್ಳುವುದು ಕಡಿಮೆ. ಇದಿಲ್ಲದ ಸೆಟ್ ಇನ್ನು ನಾನು ಕೊಳ್ಳಲಾರೆ.

ಬೇಸರದ ವಿಷಯ ಚೀಲ. ಒಳಗಿನ ಪಟ್ಟಿ ನೋಡಲು ಜಿಪ್ ತೆರೆದರೆ ಮತ್ತೆ ಮಡಚಿ ತುಂಬುವುದು ಕಷ್ಟ. ನೋಡದೆ ಬಿಡುವಂತಿಲ್ಲ, ಒಂದು ಹೊಲಿಗೆ ಬಿಚ್ಚಿದ್ದರೂ ಸೆಟ್ ಮುಗಿಯಿತು.

ಎಲ್ಲರಿಗೂ ಹೇಳಲೇಬೇಕಾದ ಮಾತು ಇನ್ನೊಂದಿದೆ. ಸೆಟ್ಟನ್ನು ಸೊಂಟ, ತೊಡೆಗೆ ಕಟ್ಟುವ ಪಟ್ಟಿಯಾದ ಹಾರ್ನೆಸ್‌ನ ಬಿಲೇ ಲೂಪ್‌ಗೆ (ಮುಂಭಾಗದ ಗಟ್ಟಿ ಕುಣಿಕೆಗೆ) ಗಂಟು ಹಾಕುತ್ತೇವೆ. ಕೇಬಲ್‌ನಿಂದ ತೆಗೆದ ತೋಳನ್ನು ಅದೇ ಲೂಪ್‌ಗೆ ಸಿಕ್ಕಿಸುವವರನ್ನು ಆಗಾಗ ನೋಡುತ್ತೇನೆ. ಆಗ ಬಿದ್ದರೆ ಬಲ ಅಬ್ಸಾರ್ಬರ್‌ಗೆ ಹೋಗದೆ ಆ ತೋಳಿನ ಮೂಲಕ ನೇರ ಮೈಗೆ ಬರುತ್ತದೆ. ಹೊಲಿಗೆ ಬಿಚ್ಚುವುದೇ ಇಲ್ಲ. ದಯವಿಟ್ಟು ಹೀಗೆ ಮಾಡಬೇಡಿ.

ಹೆಲ್ಮೆಟ್ ಬೇಕೇ ಬೇಕು, ಮೇಲಿನವರ ಕಾಲಿಗೆ ಸಿಕ್ಕ ಕಲ್ಲು ಕೆಳಗೇ ಬರುತ್ತದೆ. ಕೇಬಲ್‌ನ ಎಳೆ ಹರಿದು ಸೂಜಿಯಂತೆ ನಿಂತಿರುತ್ತವೆ, ಗ್ಲೌಸ್ ಹಾಕಿ. ಎರಡು ಆ್ಯಂಕರ್ ನಡುವೆ ಒಬ್ಬರೇ ಇರಿ. 40 ಕೆಜಿಗಿಂತ ಕಡಿಮೆ ತೂಕದ ಮಕ್ಕಳಿಗೆ ಈ ಸೆಟ್ ಒಂದೇ ಸಾಲದು, ಮೇಲಿನಿಂದ ಹಗ್ಗ ಹಿಡಿಯಲೇಬೇಕು. ಇಟಲಿಯ ಬೆಟ್ಟಸಾಲು ಡಾಲಮೈಟ್ಸ್‌ನಂಥ ಕಡೆ ಬೇಸಿಗೆಯ ಮಧ್ಯಾಹ್ನ ಗುಡುಗು ಸಿಡಿಲು ಸಾಮಾನ್ಯ. ಉದ್ದಕ್ಕೂ ಲೋಹ ಹಿಡಿದು ನಿಂತಿರುತ್ತೀರಲ್ಲ, ಬೆಳಗ್ಗೆ ಬೇಗ ಹೊರಡಿ.

ಮತ್ತೆ ಕೊಳ್ಳುತ್ತೀರಾ ಅಂದರೆ, ಹೌದು, ಇದೇ ಬಗೆಯದನ್ನು. ಅಂಗಡಿಯಲ್ಲಿ ಗ್ಲೌಸ್ ಹಾಕಿಕೊಂಡು ಕ್ಯಾರಬೀನರ್ ತೆರೆದು ನೋಡಿ ಕೊಳ್ಳಿ. ಬಳಸಿದ ಸೆಟ್ ಎಷ್ಟೇ ಕಡಿಮೆಗೆ ಸಿಕ್ಕರೂ ಬೇಡ, ಅದು ಹಿಂದೆ ಯಾರದಾದರೂ ಬೀಳುವಿಕೆ ತಡೆದಿದೆಯೋ ಇಲ್ಲವೋ ಯಾರಿಗೆ ಗೊತ್ತು. ವರ್ಷಕ್ಕೊಮ್ಮೆ ಹೋಗುವವರು ಬಾಡಿಗೆಗೆ ತರುವುದೇ ಮೇಲು. ತರುವಾಗ ತಯಾರಾದ ವರ್ಷ ಓದಿ, ಚೀಲ ತೆರೆದು ತೋರಿಸಲು ಕೇಳಿ. ಒಪ್ಪದಿದ್ದರೆ ಬೇರೆ ಅಂಗಡಿಗೆ ಹೋಗಿ.