ಕುತ್ತಿಗೆಗೆ ಎರಡು ಕ್ಯಾಮೆರಾ: ರೀಲಿನದೊಂದು, ಡಿಜಿಟಲ್ ಒಂದು

"ಎಲ್ಲಿ, ತೋರ್ಸಿ ಸಾರ್" ಅಂತ ಹೂವಿನ ಅಮ್ಮ ಕೈ ಚಾಚಿದರು. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಕನಕಾಂಬರ ಕಟ್ಟುತ್ತಾ ಕೂತಿದ್ದ ಅವರ ಫೋಟೊ ಆಗಷ್ಟೇ ತೆಗೆದಿದ್ದೆ. ಕ್ಯಾಮೆರಾ ತಿರುಗಿಸಿ ಬೆನ್ನು ತೋರಿಸಿದೆ. ಅಲ್ಲಿ ಪರದೆ ಎಲ್ಲಿಂದ ಬರಬೇಕು, ಬರೀ ಕಪ್ಪು ಬಾಗಿಲು.

"ಇದು ರೀಲಿಂದು ಅಮ್ಮ. ತೊಳೆದು ಪ್ರಿಂಟ್ ಹಾಕಿಸ್ಬೇಕು."

"ಅಯ್ಯೋ, ಇನ್ನೂ ಸಿಗುತ್ತಾ ಅದು?" ಅಂತ ನಕ್ಕು ಮತ್ತೆ ದಾರ ಹಿಡಿದರು.

ಸಿಗುತ್ತೆ. ಬೆಲೆ ಕೇಳಿದರೆ ಮಾತ್ರ ನಗು ಬರಲ್ಲ.

ನನ್ನ ಹತ್ತಿರ ಎರಡೂ ಇವೆ. ಒಂದು, ಮಾವ ಮಸ್ಕತ್‌ನಿಂದ ತಂದಿದ್ದ ಪೆಂಟಾಕ್ಸ್ ಕೆ1000. 1976ರಿಂದ 1997ರವರೆಗೆ ತಯಾರಾದ ಮಾಡೆಲ್. ಇದಕ್ಕೆ ಆನ್-ಆಫ್ ಸ್ವಿಚ್ಚೇ ಇಲ್ಲ. ಲೆನ್ಸಿನ ಮುಚ್ಚಳ ಹಾಕಲು ಮರೆತರೆ ಬೆಳಕು ಅಳೆಯುವ ಮೀಟರಿನ ಸೆಲ್ ಸುಮ್ನೆ ಖಾಲಿಯಾಗುತ್ತದೆ. ಸೆಲ್ ಸತ್ತರೂ ಫೋಟೊ ಬರುತ್ತದೆ, ಬೆಳಕನ್ನು ನಾವೇ ಅಂದಾಜು ಮಾಡಬೇಕು ಅಷ್ಟೇ. ಇನ್ನೊಂದು ನಿಕಾನ್ ಡಿ5600, 24 ಮೆಗಾಪಿಕ್ಸೆಲ್. ಇದರ ಬ್ಯಾಟರಿ ಸತ್ತರೆ ಕಥೆ ಮುಗೀತು. ಆರು ಶನಿವಾರ ಎರಡನ್ನೂ ಕುತ್ತಿಗೆಗೆ ಹಾಕಿಕೊಂಡು ಮಾರುಕಟ್ಟೆ ಸುತ್ತಿದೆ. ರೀಲು ಅಂದರೆ ಬರೀ ಶೋಕಿಯಾ, ಇಲ್ಲಾ ಒಳಗೆ ಏನಾದರೂ ಇದೆಯಾ ಅಂತ ನೋಡಬೇಕಿತ್ತು.

ದುಡ್ಡಿನ ವಿಷಯ ಬೇಗ ಮುಗಿಸಿಬಿಡುತ್ತೇನೆ, ಹೊಟ್ಟೆ ಉರಿಯುತ್ತೆ. ಕಲರ್ ರೀಲಿಗೆ ಸಾವಿರ ರೂಪಾಯಿ ಆಸುಪಾಸು ಕೊಟ್ಟೆ. ತೊಳೆಸಿ ಸ್ಕ್ಯಾನ್ ಮಾಡಿಸಲು ಇನ್ನೊಂದು ಐನೂರು. 36 ಫೋಟೊಗೆ ಹಂಚಿದರೆ ಒಂದೊಂದು ಕ್ಲಿಕ್ಕಿಗೂ 40 ರೂಪಾಯಿ ಮೇಲೆ. ಡಿಜಿಟಲ್‌ನಲ್ಲಿ ಕ್ಲಿಕ್ ಪುಕ್ಕಟೆ. ಒಂದು ಕಾಲದಲ್ಲಿ ಇಲ್ಲೇ ಪಕ್ಕದ ಊಟಿಯಲ್ಲಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ 'ಇಂದು' ಅನ್ನೋ ಹೆಸರಲ್ಲಿ ರೀಲು ಮಾಡುತ್ತಿತ್ತು. ಅದು ಮುಚ್ಚಿತು. ಈಗ ನಾನು ಹಾಕುವ ಕಪ್ಪು-ಬಿಳುಪಿನ ಇಲ್ಫರ್ಡ್ ಎಚ್‌ಪಿ5 ಇಂಗ್ಲೆಂಡಿನಿಂದ ಬರಬೇಕು.

ಬೆಳಕಿನ ಪರೀಕ್ಷೆ ಇದಕ್ಕಿಂತ ಮಜವಾಗಿತ್ತು. ಬೆಳಗ್ಗೆ ಒಂಬತ್ತರ ಹೊತ್ತು. ಟಾರ್ಪಾಲಿನ ತೂತಿನಿಂದ ಇಳಿದ ಬಿಸಿಲುಕೋಲು ಕುಂಕುಮದ ರಾಶಿಯ ಹಿಂದೆ ಕೂತ ಅಜ್ಜನ ಬಿಳಿ ಜುಬ್ಬದ ಮೇಲೆ ಸರಿಯಾಗಿ ಬಿದ್ದಿತ್ತು. ಮುಖ ನೆರಳಲ್ಲಿ. ಎರಡರಲ್ಲೂ ಮುಖಕ್ಕೆ ಬೆಳಕು ಅಳೆದು ತೆಗೆದೆ. ಡಿಜಿಟಲ್‌ನಲ್ಲಿ ಹೆಗಲು ಸುಣ್ಣ ಬಳಿದ ಗೋಡೆ ಆಗಿತ್ತು. ರಾ ಫೈಲ್ (ಕ್ಯಾಮೆರಾ ತಿದ್ದದೆ ಕೊಡುವ ಹಸಿ ಫೈಲ್) ತೆಗೆದು ಎಷ್ಟು ಎಳೆದಾಡಿದರೂ ಬಟ್ಟೆಯ ಒಂದು ನೆರಿಗೆ ವಾಪಸ್ ಬರಲಿಲ್ಲ. ರೀಲಿನಲ್ಲಿ ನೆರಿಗೆಯೂ ಇತ್ತು, ಹೊಲಿಗೆಯೂ ಇತ್ತು. ನೆಗೆಟಿವ್ ರೀಲಿನ ಗುಣವೇ ಅದು: ಬೆಳಕು ಜಾಸ್ತಿಯಾದರೆ ತಡೆದುಕೊಳ್ಳುತ್ತದೆ, ಕಮ್ಮಿಯಾದರೆ ಮುನಿಸಿಕೊಳ್ಳುತ್ತದೆ. ಡಿಜಿಟಲ್ ಇದಕ್ಕೆ ಉಲ್ಟಾ. ಹತ್ತು ಹೆಜ್ಜೆ ಮುಂದೆ ಕತ್ತಲೆ ಓಣಿಯಲ್ಲಿ ಬಾಳೆಹಣ್ಣಿನ ಅಂಗಡಿ ಇತ್ತು. ಅಲ್ಲಿ 400 ಐಎಸ್‌ಒ (ಬೆಳಕು ಹಿಡಿಯುವ ಚುರುಕಿನ ಅಳತೆ) ರೀಲಿಗೆ ಶಟರ್ 1/15 ಸೆಕೆಂಡಿಗೆ ಇಳಿಸಬೇಕಾಯಿತು. ಫೋಟೊ ಶೇಕ್ ಆಗಿ, ನೆರಳೆಲ್ಲ ಬೂದಿ ಬೂದಿಯಾಗಿ ಬಂತು. ನಿಕಾನ್ ಐಎಸ್‌ಒ 3200ಕ್ಕೆ ಏರಿಸಿದರೆ ಒಂದೊಂದು ಚಿಪ್ಪೂ ಲೆಕ್ಕಕ್ಕೆ ಸಿಗುತ್ತಿತ್ತು.

"ರೀಲು ಹಾಕಿದರೆ ಒಳ್ಳೆ ಫೋಟೊಗ್ರಾಫರ್ ಆಗ್ತೀರಿ" ಅಂತ ತುಂಬಾ ಜನ ಹೇಳುತ್ತಾರೆ. ನನ್ನ ಲೆಕ್ಕ ಹಾಗೆ ಹೇಳಲ್ಲ. ಒಂದು ಶನಿವಾರ ಡಿಜಿಟಲ್‌ನಲ್ಲಿ 312 ತೆಗೆದು 9 ಇಟ್ಟುಕೊಂಡೆ. ರೀಲಿನ 36ರಲ್ಲಿ ಇಟ್ಟುಕೊಂಡದ್ದು 4. ನೂರಕ್ಕೆ ಎಷ್ಟು ಅಂತ ನೋಡಿದರೆ ರೀಲು ಗೆದ್ದಿತು. ಆದರೆ ಮನೆಗೆ ಬಂದ ಒಳ್ಳೆ ಫೋಟೊ ಡಿಜಿಟಲ್‌ನಲ್ಲೇ ಜಾಸ್ತಿ ಅಲ್ವಾ?

ಹಾಗಾದರೆ ಖುಷಿ 36ರ ಮಿತಿಯಲ್ಲಿದೆಯಾ? ಅದನ್ನೂ ನೋಡಿದೆ. ನಿಕಾನ್ ಪರದೆಗೆ ಕಪ್ಪು ಟೇಪ್ ಅಂಟಿಸಿ, 36ಕ್ಕಿಂತ ಹೆಚ್ಚು ತೆಗೆಯಬಾರದು ಅಂತ ಶಪಥ ಮಾಡಿ ಹೊರಟೆ. ಒಂದು ಗಂಟೆಯಲ್ಲಿ ಟೇಪಿನ ಮೂಲೆ ಕಿತ್ತಿದ್ದೆ. ನೋಡಬಹುದು ಅಂತ ಗೊತ್ತಿದ್ದೂ ನೋಡದೆ ಇರೋದು ಏಕಾದಶಿ ಉಪವಾಸದ ದಿನ ಅಡುಗೆಮನೆಯಲ್ಲಿ ಕೂತ ಹಾಗೆ. ಪೆಂಟಾಕ್ಸ್‌ನಲ್ಲಿ ಈ ಚಡಪಡಿಕೆ ಇಲ್ಲ. ನೋಡೋಕೆ ಏನೂ ಇಲ್ಲ, ಹಾಗಾಗಿ ತಲೆ ಬಗ್ಗಲ್ಲ. ಫೋಟೊ ತೆಗೆದ ಮೇಲೂ ಎದುರಿಗಿರುವವರನ್ನೇ ನೋಡುತ್ತಾ ಮಾತಾಡುತ್ತಿರುತ್ತೇನೆ. ಅಜ್ಜ ಕುಂಕುಮಕ್ಕೆ ಪೊಟ್ಟಣ ಕಟ್ಟುವಾಗ ದಾರದ ತುದಿಯನ್ನು ಹಲ್ಲಲ್ಲಿ ಕಚ್ಚುತ್ತಾರೆ. ಇಷ್ಟು ವರ್ಷ ಡಿಜಿಟಲ್ ಹಿಡಿದು ಅವರ ಮುಂದೆ ನಿಂತಿದ್ದೇನೆ, ಒಮ್ಮೆಯೂ ಅದು ಕಂಡಿರಲಿಲ್ಲ.

ಇನ್ನರ್ಧ ಖುಷಿ ಇರೋದು ನಮ್ಮ ಬಚ್ಚಲುಮನೆಯಲ್ಲಿ. ರಾತ್ರಿ ಬಾಗಿಲ ಸಂದಿಗೆ ಟವೆಲ್ ತುರುಕಿ, ಕತ್ತಲಲ್ಲಿ ಬೆರಳ ತುದಿಯಿಂದಲೇ ರೀಲನ್ನು ಸುರುಳಿಗೆ ಏರಿಸಿ ಡಬ್ಬಿಗೆ ಹಾಕಬೇಕು. ಆಮೇಲೆ ಲೈಟ್ ಹಾಕಬಹುದು. ಚಿತ್ರ ಮೂಡಿಸುವ ಡಿ-76 ದ್ರಾವಣ 20 ಡಿಗ್ರಿ ಇದ್ದರೆ ಎಚ್‌ಪಿ5ಗೆ ಏಳೂವರೆ ನಿಮಿಷ. ಏಪ್ರಿಲ್‌ನಲ್ಲಿ ನಲ್ಲಿ ನೀರೇ 28 ಡಿಗ್ರಿ ಇರುತ್ತದೆ. ಹಾಗಾಗಿ ಫ್ರಿಜ್ಜಿನ ಐಸೆಲ್ಲ ಬೇಸಿನ್ನಿಗೆ ಬರುತ್ತದೆ, ಮಗಳ ಜ್ಯೂಸಿಗೆ ಉಳಿಯಲ್ಲ. ನಿಮಿಷಕ್ಕೊಮ್ಮೆ ಹತ್ತು ಸೆಕೆಂಡ್ ಡಬ್ಬಿ ತಲೆಕೆಳಗು ಮಾಡುತ್ತಾ ಇರಬೇಕು. ಆಮೇಲೆ ಐದು ನಿಮಿಷ ಚಿತ್ರವನ್ನು ಗಟ್ಟಿ ನಿಲ್ಲಿಸುವ ಫಿಕ್ಸರ್, ಅದಾದ ಮೇಲೆ ತೊಳೆಯೋದು. ಮುಚ್ಚಳ ತೆಗೆದು ಒದ್ದೆ ರೀಲನ್ನು ಬಲ್ಬಿಗೆ ಹಿಡಿದಾಗ ಅಜ್ಜನ ಬಿಳಿ ಜುಬ್ಬ ಕಪ್ಪಾಗಿ, ಕಪ್ಪು ಕೂದಲು ಬಿಳಿಯಾಗಿ ಕಾಣುತ್ತದೆ. ಹತ್ತನೇ ಸಲವೂ ಎದೆ ಡವಡವ ಅಂದಿತು. ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಚುಚ್ಚುವಾಗ ಹೀಗೆ ಯಾವತ್ತೂ ಆಗಿಲ್ಲ.

ಒಂದು ಸಲ ಹೀಗೇ ಎತ್ತಿ ಹಿಡಿದರೆ ಇಡೀ ರೀಲು ಗಾಜಿನ ಹಾಗೆ ಖಾಲಿ. ತಪ್ಪು ನಂದೇ. ಹಾಕುವಾಗ ರೀಲಿನ ತುದಿ ಕ್ಯಾಮೆರಾದ ಒಳಗಿನ ಹಲ್ಲಿಗೆ ಸಿಕ್ಕಿರಲಿಲ್ಲ. ಕೌಂಟರ್ ಪಾಡಿಗೆ ಅದು ಎಣಿಸುತ್ತಾ ಹೋಯಿತು. 38 ದಾಟಿದರೂ ರೀಲು ಮುಂದೆ ಸರಿಸುವ ಲಿವರ್ ತಿರುಗುತ್ತಲೇ ಇತ್ತು. ಆಗಲೇ ಗೊತ್ತಾಗಬೇಕಿತ್ತು. ಲಿವರ್ ಎಳೆದಾಗ ಎಡಗಡೆಯ ರಿವೈಂಡ್ ಗುಂಡಿಯೂ ತಿರುಗಬೇಕು, ಹೊಸಬರು ಅದನ್ನು ಮೊದಲು ನೋಡಿಕೊಳ್ಳಿ. ಅವತ್ತು ಹೋದದ್ದು ಮೇಲುಕೋಟೆ ಕಲ್ಯಾಣಿಯ ಒಂದಿಡೀ ಬೆಳಗು. ಮಗಳ ಸ್ಕೂಲ್ ಡೇಗೆ ನಾನು ಪೆಂಟಾಕ್ಸ್ ಒಯ್ಯದೇ ಇರೋದಕ್ಕೆ ಇದೇ ಕಾರಣ. ಹಕ್ಕಿಗೂ ಅಷ್ಟೇ, ಡಿಜಿಟಲ್ಲೇ ಸರಿ.

ಇನ್ನೊಂದು ತಮಾಷೆ. ಒಣಗಿದ ನೆಗೆಟಿವ್ ಅನ್ನು ಕೊನೆಗೆ ನಾನು ಫೋಟೊ ತೆಗೆಯೋದು ಅದೇ ನಿಕಾನ್‌ನಲ್ಲಿ, ತೀರಾ ಹತ್ತಿರದಿಂದ ತೆಗೆಯೋ ಮ್ಯಾಕ್ರೊ ಲೆನ್ಸ್ ಹಾಕಿ. ನನ್ನ ರೀಲಿನ ಫೋಟೊ ವಾಟ್ಸಾಪ್ ತಲುಪೋದು ಡಿಜಿಟಲ್ ಹೆಗಲೇರಿಯೇ. ಮಧ್ಯೆ ಒಂದು ಕೂದಲೋ ಧೂಳೋ ಜೊತೆಗೆ ಬಂದೇ ಬರುತ್ತದೆ.

ಮೂರು ವಾರ ಬಿಟ್ಟು ಪ್ರಿಂಟ್ ತಗೊಂಡು ಹೂವಿನ ಅಮ್ಮನ ಹತ್ತಿರ ಹೋದೆ. ಸೆರಗಲ್ಲಿ ಕೈ ಒರೆಸಿಕೊಂಡು ಈಸಿಕೊಂಡರು. ಬೆಳಕಿಗೆ ಹಿಡಿದರು. ಪಕ್ಕದ ಅಂಗಡಿಯವರನ್ನೂ ಕರೆದು ತೋರಿಸಿದರು. ಆಮೇಲೆ ನನ್ನನ್ನೇ ದಿಟ್ಟಿಸಿದರು.

"ಬಣ್ಣ ಎಲ್ಲಿ ಸಾರ್? ಕನಕಾಂಬರನೂ ಕಪ್ಪು, ಮಲ್ಲಿಗೆ ಒಂದು ಬೆಳ್ಳಗಿದೆ!"

ಈಗ ಪೆಂಟಾಕ್ಸ್‌ಗೆ ಕಲರ್ ರೀಲು, ಕೊಡಕ್ ಗೋಲ್ಡ್ 200 ಹಾಕಿದ್ದೇನೆ. 11 ಆಗಿದೆ, ಇನ್ನೂ 25 ಇದೆ. ಮುಗಿಯೋವರೆಗೂ ಕಾಯಿರಿ ಅಂತ ಅಮ್ಮನಿಗೆ ಹೇಳಿ ಬಂದಿದ್ದೇನೆ.