ಬಾಯಿಯ ಬಿಳಿ ಮಚ್ಚೆಗೆ ಬೆಳಕಿನ ಚಿಕಿತ್ಸೆ: ಐದಕ್ಕೆ ಮೂರೂವರೆ

ಎಲೆ, ಅಡಿಕೆ, ಸುಣ್ಣದ ಜೊತೆ ಕಡ್ಡಿಪುಡಿ ಹಾಕಿಕೊಳ್ಳುವ ಹಾಸನದ ಕಡೆಯವರಿಗೆ ಕೆನ್ನೆಯೊಳಗೆ ಕೆರೆದರೂ ಹೋಗದ ಬಿಳಿ ಮಚ್ಚೆ ಹೊಸದೇನಲ್ಲ. ವೈದ್ಯರು ಇದನ್ನು ಲ್ಯೂಕೋಪ್ಲೇಕಿಯಾ ಅಂತಾರೆ. ಇದಕ್ಕೆ ಕೊಡುವ ಫೋಟೋಡೈನಮಿಕ್ ಥೆರಪಿ ಅಂದರೆ ಲೇಸರ್‌ನಿಂದ ಸುಡೋದು ಅಂತ ಬಹಳ ಜನ ಅಂದುಕೊಂಡಿರ್ತಾರೆ. ಸುಡೋದಲ್ಲ.

ಮಚ್ಚೆ ಮೇಲೆ ಶೇ. 20ರ ಅಮಿನೋಲೆವ್ಯುಲಿನಿಕ್ ಆಮ್ಲದ ಜೆಲ್ ಹಚ್ಚಿ ಒಂದೂವರೆ, ಎರಡು ಗಂಟೆ ಬಿಡುತ್ತಾರೆ. ಜೀವಕೋಶಗಳು ಅದನ್ನು ಬೆಳಕಿಗೆ ಕೆರಳುವ ಪ್ರೋಟೋಪೋರ್ಫಿರಿನ್ ಎಂಬ ವಸ್ತುವಾಗಿ ಮಾರ್ಪಡಿಸುತ್ತವೆ. ಆಮೇಲೆ 630 ನ್ಯಾನೋಮೀಟರ್ ಆಸುಪಾಸಿನ ಕೆಂಪು ಬೆಳಕು ಬಿಟ್ಟರೆ, ಅಂಗಾಂಶದಲ್ಲಿರುವ ಆಮ್ಲಜನಕವೇ ಕೋಶವನ್ನು ಕೊಲ್ಲುವ ರೂಪಕ್ಕೆ ತಿರುಗುತ್ತದೆ.

ಚಿಕಿತ್ಸೆ ಕೆಡುವುದು ದೀಪದಿಂದಲ್ಲ, ಎಂಜಲಿನಿಂದ. ಹತ್ತಿ ಸುರುಳಿ, ಎಂಜಲು ಹೀರುವ ಸಕ್ಷನ್ ಸರಿಯಿಲ್ಲದಿದ್ದರೆ ಅರ್ಧ ಜೆಲ್ ಹೊಟ್ಟೆಗೆ ಹೋಗಿರುತ್ತದೆ. 405 ನ್ಯಾನೋಮೀಟರಿನ ನೇರಳೆ-ನೀಲಿ ದೀಪ ಹಿಡಿದು ನೋಡಿದರೆ ಗೊತ್ತಾಗುತ್ತದೆ: ಔಷಧ ಇಳಿದಿದ್ದರೆ ಮಚ್ಚೆ ಕೆಂಪಗೆ ಹೊಳೆಯುತ್ತದೆ. ಹೊಳೆಯದಿದ್ದರೆ ಬೆಳಕು ಬಿಟ್ಟೂ ದಂಡ.

ಚದರ ಸೆಂಟಿಮೀಟರಿಗೆ 100 ಮಿಲಿವ್ಯಾಟ್ ಲೆಕ್ಕದಲ್ಲಿ 100 ಜೂಲ್ ತುಂಬಲು 1000 ಸೆಕೆಂಡು, ಹೆಚ್ಚುಕಡಿಮೆ 17 ನಿಮಿಷ ಬೇಕು. ಅದನ್ನು ಮೂರು ಮೂರು ನಿಮಿಷದ ಕಂತುಗಳಲ್ಲಿ, ಬಿಡುವು ಕೊಟ್ಟು ಬಿಡುವುದು ಒಳ್ಳೆಯದು, ನಡುವೆ ಆಮ್ಲಜನಕ ಮತ್ತೆ ತುಂಬಿಕೊಳ್ಳುತ್ತದೆ. ಉರಿ ತಡೆಯಲು ಇಂಜೆಕ್ಷನ್ ಕೊಡುವುದಾದರೆ ಅಡ್ರಿನಲಿನ್ ಬೆರೆಸದ್ದೇ ಆಗಬೇಕು. ಅಡ್ರಿನಲಿನ್ ರಕ್ತನಾಳ ಬಿಗಿದು ಅದೇ ಆಮ್ಲಜನಕವನ್ನು ತಡೆಯುತ್ತದೆ.

ತೆಳು, ಚಪ್ಪಟೆ ಮಚ್ಚೆಗೆ ಇದು ಚೆನ್ನಾಗಿ ಹಿಡಿಯುತ್ತದೆ. ಕಲೆ ಬೀಳುವುದು ಕಡಿಮೆ, ಮತ್ತೆ ಬಂದರೆ ಮತ್ತೆ ಮಾಡಿಸಬಹುದು. (ಮತ್ತೆ ಬರುವುದೂ ಉಂಟು.) ದಪ್ಪ, ಗಂಟುಗಂಟು ಮಚ್ಚೆಯ ಒಳಕ್ಕೆ ಜೆಲ್ ಸರಿಯಾಗಿ ಇಳಿಯುವುದಿಲ್ಲ, ಬೆಳಕೂ ಇಳಿಯುವುದಿಲ್ಲ. ಅಡಿಕೆಯಿಂದ ಬಾಯಿ ಬಿಗಿದಿದ್ದರೆ ಇದರಿಂದ ಸಡಿಲವಾಗದು, ದೀಪದ ತುದಿಯನ್ನು ಒಳಗೆ ತೂರಿಸುವುದೇ ಕಷ್ಟ.

ಅಂಕ ಕಳೆದಿದ್ದಕ್ಕೆ ದೊಡ್ಡ ಕಾರಣ ಬೇರೆ. ಶಸ್ತ್ರಚಿಕಿತ್ಸೆಯಲ್ಲಾದರೆ ಕತ್ತರಿಸಿದ ತುಂಡು ಪರೀಕ್ಷೆಗೆ ಸಿಗುತ್ತದೆ. ಇಲ್ಲಿ ಏನೂ ಉಳಿಯುವುದಿಲ್ಲ. ಹಾಗಾಗಿ ಮೊದಲು ಬಯಾಪ್ಸಿ (ಮಚ್ಚೆಯ ಚೂರು ತೆಗೆದು ಪರೀಕ್ಷೆ) ಮಾಡದೆ ದೀಪ ಹಿಡಿಯುವ ಕಡೆ ಕುರ್ಚಿ ಹತ್ತಬೇಡಿ.

ಆಮೇಲೆ ಎರಡು ವಾರದಷ್ಟು ಹುಣ್ಣಿರುತ್ತದೆ. ಮೊಸರನ್ನ, ತಣ್ಣಗಿನ ಅಂಬಲಿಯೇ ಗತಿ. ಜೆಲ್ ಆದರೆ ಒಂದೆರಡು ದಿನ ಬಿಸಿಲಿಗೆ ಹುಷಾರಾಗಿದ್ದರೆ ಸಾಕು. ಜೆಲ್ ಬದಲು ರಕ್ತನಾಳಕ್ಕೆ ಪೋರ್ಫಿಮರ್ ಎಂಬ ಔಷಧ ಕೊಟ್ಟಿದ್ದರೆ ಕನಿಷ್ಠ 30 ದಿನ ಬಿಸಿಲಿಗೆ ಮೈ ಒಡ್ಡುವಂತಿಲ್ಲ, ಕಾಫಿ ಒಣಗಿಸುವ ಕಣದ ಕಡೆಗಂತೂ ಸುಳಿಯಲೇಬಾರದು. ಕೊಯ್ಲಿನ ಕಾಲದಲ್ಲಿ ತಾರೀಕು ಕೊಟ್ಟರೆ ಮುಂದಕ್ಕೆ ಹಾಕಿಸಿಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ.