ನಾವು ಮನೆಯಲ್ಲಿಲ್ಲದಾಗ ರೇಡಿಯೊ ರೆಕಾರ್ಡಿಂಗ್: ಮೂರು ದಾರಿಗಳ ಹೋಲಿಕೆ

ಚಿತ್ರದುರ್ಗ ಆಕಾಶವಾಣಿಯಲ್ಲಿ ಜಾನಪದ ಹಾಡು ಬಂದರೆ ನನಗೆ ಬಿಡಲು ಮನಸ್ಸಾಗುವುದಿಲ್ಲ. ಅದರಲ್ಲೂ ನಮ್ಮ ಕಡೆಯ ಕಾಡುಗೊಲ್ಲರ ಪದಗಳು. ಹಾಡುವವರು ವಯಸ್ಸಾದವರು, ಒಮ್ಮೆ ಪ್ರಸಾರವಾಗಿದ್ದು ಮತ್ತೆ ಯಾವಾಗ ಬರುತ್ತದೋ ಹೇಳಲಾಗದು. ಆದರೆ ಆ ಹೊತ್ತಿಗೆ ನಾನು ದಾವಣಗೆರೆಯಲ್ಲಿ ಡ್ಯೂಟಿಯಲ್ಲಿರುತ್ತೇನೆ. ಅದಕ್ಕೇ ದುರ್ಗದ ಮನೆಯಲ್ಲಿ ರೇಡಿಯೊದ ಹೆಡ್‌ಫೋನ್ ಪಿನ್ನಿನಿಂದ ಕಂಪ್ಯೂಟರಿನ ಲೈನ್ ಇನ್‌ಗೆ (ಹೊರಗಿನ ಸದ್ದನ್ನು ಒಳಗೆ ತೆಗೆದುಕೊಳ್ಳುವ ಪಿನ್) ಕೇಬಲ್ ಹಾಕಿ, ಅದು ತಾನಾಗಿ ರೆಕಾರ್ಡ್ ಮಾಡುವಂತೆ ಮೂರು ದಾರಿಗಳನ್ನು ನೋಡಿದೆ.

ಸುಲಭದ್ದು ಆಡಾಸಿಟಿ. ಇದು ಸದ್ದು ರೆಕಾರ್ಡ್ ಮಾಡುವ ಉಚಿತ ಸಾಫ್ಟ್‌ವೇರ್. ಅದರಲ್ಲಿರುವ ‘ಟೈಮರ್ ರೆಕಾರ್ಡ್’ ತೆರೆದು ಶುರುವಾಗುವ ಹೊತ್ತು, ಮುಗಿಯುವ ಹೊತ್ತು ಹಾಕಿದರೆ ಸಾಕು. ಮುಗಿದ ಮೇಲೆ ಫೈಲ್ ಉಳಿಸಿ ಕಂಪ್ಯೂಟರನ್ನೇ ಆಫ್ ಮಾಡು ಅಂತಲೂ ಹೇಳಬಹುದು. ಹಾಡಿನ ಅಲೆ ಕಣ್ಣಿಗೆ ಕಾಣುವುದರಿಂದ ಬೆಳಿಗ್ಗೆಯೇ ಸದ್ದಿನ ಮಟ್ಟ ಸರಿಮಾಡಿಟ್ಟು ಹೋಗಬಹುದು. ತೊಡಕು ಏನೆಂದರೆ, ಕಂಪ್ಯೂಟರ್ ನಿದ್ದೆಗೆ ಹೋಗಿದ್ದರೆ ಇದು ಎಬ್ಬಿಸುವುದಿಲ್ಲ. ವಾರವಾರ ಬರುವ ಕಾರ್ಯಕ್ರಮಕ್ಕೆ ಪ್ರತಿ ಸಲವೂ ಹೊಸದಾಗಿ ಹೊತ್ತು ಹಾಕಬೇಕು. ಒಂದೇ ಒಂದು ಕಾರ್ಯಕ್ರಮ ಹಿಡಿಯಬೇಕಿದ್ದರೆ ನಾನು ಈಗಲೂ ಇದನ್ನೇ ಬಳಸುತ್ತೇನೆ.

ಎರಡನೆಯದು ಹೇಳಿದ ಹೊತ್ತಿಗೆ ಕೆಲಸ ಶುರುಮಾಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್, ಜೊತೆಗೆ ರೆಕಾರ್ಡ್ ಮಾಡುವ ಎಫ್‌ಎಫ್‌ಎಂಪೆಗ್. ಎಫ್‌ಎಫ್‌ಎಂಪೆಗ್‌ಗೆ ಬಟನ್, ಕಿಟಕಿ ಏನೂ ಇಲ್ಲ, ಆಜ್ಞೆಯನ್ನು ಬರೆದೇ ಕೊಡಬೇಕು. ಒಮ್ಮೆ ಬರೆದಿಟ್ಟರೆ ಮುಗಿಯಿತು, ವಾರವಾರ ತಾನೇ ನಡೆಯುತ್ತದೆ. ನಿದ್ದೆಯಲ್ಲಿರುವ ಕಂಪ್ಯೂಟರನ್ನು ಎಬ್ಬಿಸುವ ಆಯ್ಕೆಯೂ ಇದೆ, ಆದರೆ ಪವರ್ ಆಪ್ಷನ್ಸ್‌ನಲ್ಲಿ ವೇಕ್ ಟೈಮರ್‌ಗೆ ಒಪ್ಪಿಗೆ ಕೊಟ್ಟಿರಬೇಕು. ಲ್ಯಾಪ್‌ಟಾಪ್ ಇರುವವರು ‘ಕಂಡೀಷನ್ಸ್’ ಪುಟವನ್ನು ತಪ್ಪದೆ ನೋಡಿ. ಕರೆಂಟಿನಲ್ಲಿದ್ದಾಗ ಮಾತ್ರ ಶುರುವಾಗು, ಬ್ಯಾಟರಿಗೆ ಬದಲಾದರೆ ನಿಲ್ಲು ಎನ್ನುವ ಎರಡು ಟಿಕ್ ಮೊದಲೇ ಹಾಕಿರುತ್ತವೆ. ಕರೆಂಟ್ ಹೋಗಿ ಬರುವ ನಮ್ಮೂರಿನಲ್ಲಿ ಇವೆರಡನ್ನೂ ತೆಗೆಯಲೇಬೇಕು. ಇಲ್ಲದಿದ್ದರೆ ಬ್ಯಾಟರಿ ತುಂಬಿದ್ದರೂ ಪದ ಅರ್ಧಕ್ಕೇ ನಿಲ್ಲುತ್ತದೆ, ಅಲ್ವಾ?

ಮೂರನೆಯದು ಲಿನಕ್ಸ್‌ನ ಕ್ರಾನ್, ಇದೂ ಹೇಳಿದ ಹೊತ್ತಿಗೆ ಕೆಲಸ ಶುರುಮಾಡಿಸುತ್ತದೆ. ಹಳೆಯ ಡೆಸ್ಕ್‌ಟಾಪ್ ಸುಮ್ನೆ ಮೂಲೆಯಲ್ಲಿದ್ದರೆ ಅದಕ್ಕೆ ಇದೇ ಸರಿ. ಒಂದೇ ಸಾಲಿನಲ್ಲಿ ನಿಮಿಷ, ಗಂಟೆ, ವಾರ ಎಲ್ಲ ಬರೆಯಬಹುದು. ರೆಕಾರ್ಡ್ ಮಾಡಲು ಎ-ರೆಕಾರ್ಡ್ (arecord), ನಿದ್ದೆಯಿಂದ ಎಬ್ಬಿಸಲು ಆರ್‌ಟಿಸಿವೇಕ್ (rtcwake) ಎನ್ನುವ ಆಜ್ಞೆ ಇದೆ. ಫೈಲಿನ ಹೆಸರಿಗೆ ತಾರೀಖು ಸೇರಿಸುವವರು ಗಮನಿಸಿ: ಕ್ರಾನ್ ಸಾಲಿನಲ್ಲಿ % ಬಂದರೆ ಅದು ಸಾಲು ಮುಗಿಯಿತು ಅಂದುಕೊಳ್ಳುತ್ತದೆ. % ಗುರುತಿಗೆ ಮೊದಲು \ ಹಾಕಬೇಕು. ಡೆಸ್ಕ್‌ಟಾಪ್‌ಗೆ ಬ್ಯಾಟರಿ ಇಲ್ಲವಲ್ಲ, ಅದಕ್ಕೆ ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್ ಪುಟ) ಕರೆಂಟ್ ಬಂದ ಕೂಡಲೇ ತಾನಾಗಿ ಆನ್ ಆಗುವ ಸೆಟ್ಟಿಂಗ್ ಹಾಕಿಡಿ. ಆದರೆ ಹೊತ್ತು ಮೀರಿದ ಮೇಲೆ ಕರೆಂಟ್ ಬಂದರೆ ಆ ದಿನದ ಕೆಲಸವನ್ನು ಕ್ರಾನ್ ಮತ್ತೆ ಮಾಡುವುದಿಲ್ಲ.

ಡೆಸ್ಕ್‌ಟಾಪಿನಲ್ಲಿ ರೆಕಾರ್ಡಿಂಗ್ ನಡೆಯುವಾಗಲೇ ಬೇಕಂತಲೇ ಪ್ಲಗ್ ಕಿತ್ತು ನೋಡಿದೆ. ಎಂಪಿ3 ಫೈಲ್ ಕೊನೆಯ ಕ್ಷಣಗಳನ್ನು ಬಿಟ್ಟು ಚೆನ್ನಾಗಿ ಹಾಡಿತು. ಎಂ4ಎ ಫೈಲ್ ತೆರೆಯಲೇ ಇಲ್ಲ, ಯಾಕೆಂದರೆ ಅದರ ಸೂಚಿ (ಫೈಲಿನಲ್ಲಿ ಏನು ಎಲ್ಲಿದೆ ಎನ್ನುವ ಪಟ್ಟಿ) ಸಾಮಾನ್ಯವಾಗಿ ಕೊನೆಯಲ್ಲೇ ಬರೆಯಲ್ಪಡುತ್ತದೆ. ಆಡಾಸಿಟಿ ಮತ್ತೆ ತೆರೆದಾಗ, ನಿಂತಿದ್ದನ್ನು ವಾಪಸ್ ತರಲೇ ಅಂತ ಕೇಳಿತು, ತಂದೂ ಕೊಟ್ಟಿತು. ಆದರೆ ಎಂಪಿ3 ಮಾಡುವ ಕೆಲಸ ಕೊನೆಗೆ ಇರುವುದರಿಂದ ಅದನ್ನು ನಾನೇ ಮಾಡಬೇಕಾಯಿತು.

ಜಾಗದ ಲೆಕ್ಕವೂ ಇದೆ. ಸಿಡಿ ಗುಣಮಟ್ಟದ ವೇವ್ (ಕುಗ್ಗಿಸದ ಫೈಲ್) ಗಂಟೆಗೆ ಸುಮಾರು 635 ಎಂಬಿ, 128 ಕೆಬಿಪಿಎಸ್ ಎಂಪಿ3 ಆದರೆ ಸುಮಾರು 58 ಎಂಬಿ. ಆಡಾಸಿಟಿಯ ಮಾಮೂಲಿ 32 ಬಿಟ್ ಸ್ಟೀರಿಯೊದಲ್ಲಿ ವೇವ್‌ನ ಎರಡರಷ್ಟು ಬೇಕು.

ನಾನು ಈಗ ಖಾಯಂ ಇಟ್ಟುಕೊಂಡಿರುವುದು ಲ್ಯಾಪ್‌ಟಾಪ್, ಟಾಸ್ಕ್ ಶೆಡ್ಯೂಲರ್, ಎಂಪಿ3. ಕರೆಂಟ್ ಹೋದರೂ ಬ್ಯಾಟರಿ ಇದೆ, ರೇಡಿಯೊ ಸೆಲ್ಲಿನಲ್ಲಿ ನಡೆಯುತ್ತದೆ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಲೈನ್ ಇನ್ ಇರುವುದಿಲ್ಲ, ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು. ರೇಡಿಯೊ ವಾಲ್ಯೂಮ್ ಅರ್ಧಕ್ಕಿಂತ ಜಾಸ್ತಿ ಇಟ್ಟರೆ ನನ್ನ ಸೆಟ್‌ನಲ್ಲಿ ದನಿ ಒಡೆಯುತ್ತದೆ. ಕಾರ್ಯಕ್ರಮಕ್ಕೆ ಎರಡು ನಿಮಿಷ ಮೊದಲೇ ಶುರುಮಾಡಿ, ಅದು ಮುಗಿದು ಐದು ನಿಮಿಷ ಆದಮೇಲೆ ನಿಲ್ಲಿಸುತ್ತೇನೆ. ಹಾಡಿದವರ ಹೆಸರನ್ನು ಹೆಚ್ಚಾಗಿ ಹೇಳುವುದು ಶುರುವಿನಲ್ಲಿ, ಇಲ್ಲವೇ ಕೊನೆಯಲ್ಲಿ.